ಮಕ್ಕಳಿಗೆ ಮರ್ಯಾದೆ ಕಲಿಸುವುದು ಹೇಗೆ? ನಿಮ್ಮ ಮನೆಯಲ್ಲಿ ಏನು ಮಾಡಿದಿರಿ, ಹೇಳಿ

ಕೇಳಿದವರು: ಬೆಂಗಳೂರಿನ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 7 ವರ್ಷ, ಎರಡನೇ ಕ್ಲಾಸು. ನೆಂಟರು ಬಂದರೆ ಕೈ ಮುಗಿಯುತ್ತಾನೆ, ಹಬ್ಬದ ದಿನ ತಾತ-ಅಜ್ಜಿಯ ಕಾಲಿಗೆ ಬೀಳುತ್ತಾನೆ, ಸ್ಕೂಲಿನಲ್ಲೂ ಒಳ್ಳೆ ಹುಡುಗ ಅನ್ನಿಸಿಕೊಂಡಿದ್ದಾನೆ. ಆದರೆ ಮೊನ್ನೆ ನಮ್ಮ ಮನೆಗೆಲಸಕ್ಕೆ ಬರುವವರಿಗೆ ಸೋಫಾ ಮೇಲೆ ಕೂತುಕೊಂಡೇ "ಏಯ್, ನೀರು ತಗೊಂಡ್ ಬಾ" ಅಂದ. ಆಕೆಗೆ ನನ್ನ ಅಮ್ಮನ ವಯಸ್ಸು. ಗೇಟಿನಲ್ಲಿರುವ ಸೆಕ್ಯುರಿಟಿಯವರಿಗೂ ಇದೇ ಥರ ಕೂಗುತ್ತಾನೆ. ಗದರಿದರೆ "ಅವರು ಕೆಲಸದವರು ತಾನೇ?" ಅಂತ ನನ್ನನ್ನೇ ಕೇಳಿದ. ಹೊಡೆಯುವ ಮನಸ್ಸಿಲ್ಲ. ಬುದ್ಧಿ ಹೇಳುತ್ತಾ ಕೂತರೆ ಎರಡು ನಿಮಿಷಕ್ಕೆ ಎದ್ದು ಹೋಗುತ್ತಾನೆ. ದೊಡ್ಡವರಿಗೆ ತೋರಿಸುವ ಮರ್ಯಾದೆಯನ್ನು ಎಲ್ಲರಿಗೂ ತೋರಿಸುವ ಹಾಗೆ ಮಾಡುವುದು ಹೇಗೆ? ದಯವಿಟ್ಟು ನಿಮ್ಮ ಅನುಭವ ಹೇಳಿ.

ಮೈಸೂರು, ಇಬ್ಬರು ಮಕ್ಕಳ ತಾಯಿ

ನಿಮ್ಮ ಮಗ ಕೇಳಿದ ಪ್ರಶ್ನೆಯನ್ನು ಸ್ವಲ್ಪ ಗಮನಿಸಿ. ಯಾರಿಗೆ ಮರ್ಯಾದೆ ಕೊಡಬೇಕು, ಯಾರಿಗೆ ಕೊಡದಿದ್ದರೂ ನಡೆಯುತ್ತದೆ ಅನ್ನುವ ಲೆಕ್ಕ ಅವನ ತಲೆಯಲ್ಲಿ ಆಗಲೇ ಇದೆ. ಅದನ್ನು ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರುವುದಿಲ್ಲ. ಮನೆಯಲ್ಲಿ, ಅಪಾರ್ಟ್‌ಮೆಂಟಿನಲ್ಲಿ, ಟೀವಿಯಲ್ಲಿ ನೋಡಿ ನೋಡಿ ತಾನೇ ಕಲಿತಿರುತ್ತಾನೆ.

ನಮ್ಮ ಮನೆಯಲ್ಲಿ ಮೊದಲು ಮಾಡಿದ್ದು ಹೆಸರಿನ ಕೆಲಸ. "ಕೆಲಸದವಳು ಬಂದಳಾ?" ಅನ್ನುವ ಮಾತನ್ನೇ ಬಿಟ್ಟೆವು. ಮನೆಗೆಲಸಕ್ಕೆ ಬರುವವರನ್ನು ಮಕ್ಕಳ ಎದುರಿಗೇ ಕೇಳಿದೆ, "ಮಕ್ಕಳು ನಿಮ್ಮನ್ನು ಏನಂತ ಕರೀಬೇಕು?" ಅಂತ. ಅವರು "ದೊಡ್ಡಮ್ಮ ಅನ್ಲಿ ಬಿಡಿ" ಅಂದರು. ಅವತ್ತಿನಿಂದ ದೊಡ್ಡಮ್ಮ. ಅವರಿಗೆ ಮಕ್ಕಳಿದ್ದಾರೆ, ಮಗಳು ಪಿಯುಸಿ ಓದುತ್ತಿದ್ದಾಳೆ, ಊರು ನಂಜನಗೂಡಿನ ಹತ್ತಿರ ಅನ್ನುವುದೆಲ್ಲ ಮಾತಿಗೆ ಮಾತು ಬೆಳೆದು ನಮ್ಮ ಮಕ್ಕಳಿಗೆ ಗೊತ್ತಾಯಿತು. ಪರೀಕ್ಷೆ ಹೇಗಾಯಿತು ಅಂತ ನನ್ನ ಮಗಳೇ ವಿಚಾರಿಸುತ್ತಾಳೆ. ಒಬ್ಬರ ಊರು, ಮಕ್ಕಳು ಎಲ್ಲ ಗೊತ್ತಿದ್ದಾಗ "ಏಯ್" ಅಂತ ಕರೆಯುವುದಕ್ಕೆ ಬಾಯಿ ಬರುವುದಿಲ್ಲ.

ಎರಡನೆಯದು, ನೀರು ತಾನೇ ಎದ್ದು ಕುಡಿಯುವುದು. 7 ವರ್ಷದ ಹುಡುಗ ತನ್ನ ಲೋಟ ತಾನು ತೊಗೊಳ್ಳಬಹುದು, ತಿಂದ ತಟ್ಟೆ ಸಿಂಕಿಗೆ ಹಾಕಬಹುದು, ಬಿಚ್ಚಿದ ಚಡ್ಡಿ, ಸಾಕ್ಸ್ ಬುಟ್ಟಿಗೆ ಹಾಕಬಹುದು. ಇಷ್ಟನ್ನಾದರೂ ಮಾಡಲೇಬೇಕು ಅನ್ನಿ. ಕೈಯಲ್ಲಿ ಕೆಲಸ ಮಾಡಿ ಗೊತ್ತಿಲ್ಲದ ಮಗುವಿಗೆ ಇನ್ನೊಬ್ಬರ ಕೆಲಸದ ಬೆಲೆ ಬಾಯಿಮಾತಿನಲ್ಲಿ ಹೇಳಿದರೆ ತಿಳಿಯುವುದಿಲ್ಲ.

ಇನ್ನೊಂದು. ಅಡುಗೆಮನೆಯಲ್ಲಿ ಅವರಿಗೆ ಅಂತ ಬೇರೆ ಲೋಟ ಇಟ್ಟಿದ್ದರೆ ಅದನ್ನು ಇವತ್ತೇ ತೆಗೆಯಿರಿ. ನಿಮ್ಮ ಮನೆಯಲ್ಲಿ ಹಾಗೆ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಆ ಲೋಟ ಕಣ್ಣೆದುರು ಇರುವ ತನಕ ನೀವು ಏನು ಹೇಳಿದರೂ ಮಗು ನಂಬುವುದು ಲೋಟವನ್ನೇ.

ಧಾರವಾಡ, ಅಜ್ಜಿ

ತಂಗಿ, ನಮ್ಮ ಕಡೆ ಈ ತೊಂದರೆ ಸ್ವಲ್ಪ ಕಡಿಮೆ, ಯಾಕಂದರೆ ಮಾತಿನ ಕೊನೆಗೆ "ರೀ" ತಾನಾಗೇ ಬರುತ್ತದೆ. ಬರ್ರಿ, ಕೂಡ್ರಿ, ಹೌದ್ರಿ. ಹಾಲು ಹಾಕುವವನಿಗೂ ಬರ್ರಿ, ಡಾಕ್ಟರಿಗೂ ಬರ್ರಿ. ನನ್ನ ಮೊಮ್ಮಕ್ಕಳು ಮೊದಲ ಮಾತು ಕಲಿಯುವಾಗಲೇ ಕಾಯಿಪಲ್ಲೆ ಮಾರುವಾಕೆಗೆ ಕಾಕು, ಟಾಂಗಾ ಓಡಿಸುತ್ತಿದ್ದ ಮುದುಕರಿಗೆ ಅಜ್ಜಾ ಅಂತ ಕಲಿತರು. ಸಂಬಂಧ ಹಚ್ಚಿ ಕರೆದರೆ ಮರ್ಯಾದೆ ಅದರ ಹಿಂದೆ ತಾನೇ ಬರುತ್ತದೆ ನೋಡು.

ಆದರೆ ಒಂದು ಮಾತು. ಬರೀ ಬಹುವಚನ ಹಿಡಿದುಕೊಂಡು ಕೂಡಬೇಡ. ನಮ್ಮ ಮಕ್ಕಳು ನಮಗೆ "ಅವ್ವಾ, ನೀ ಬಾ" ಅಂತಾರೆ. ಅದರಾಗೆ ಎಷ್ಟು ಪ್ರೀತಿ ಇದೆ! ಮಂಡ್ಯದ ಕಡೆ ಹೋದರೆ ಅಪ್ಪನಿಗೂ, ಮಾವನಿಗೂ ಪ್ರೀತಿಯಿಂದ "ಬಾ, ಕೂತ್ಕೋ" ಅಂತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಇನ್ನು ಕೆಲವರು "ಬನ್ನಿ, ಹೋಗಿ" ಅಂತ ನಾಜೂಕಾಗಿ ಅಂದು, ಎದುರಿಗಿರುವವರ ಮುಖ ಸಹಿತ ನೋಡುವುದಿಲ್ಲ. ನಿನ್ನ ಮಗ ಮಾತಾಡುವಾಗ ಅವರ ಮುಖ ನೋಡಿ ಮಾತಾಡುತ್ತಾನೇನು, ಅದನ್ನ ನೋಡು ಮೊದಲು. ಫೋನು, ಟೀವಿ ನೋಡುತ್ತಾ ಮಾತು ಬೇಡ. ಎದ್ದು, ಹತ್ತಿರ ಹೋಗಿ, ಮುಖ ನೋಡಿ ಕೇಳಬೇಕು. ಇಷ್ಟಾದರೆ "ಏಯ್" ತಾನೇ ಉದುರಿ ಹೋಗುತ್ತದೆ, ಯಾಕಂದರೆ "ಏಯ್" ಅನ್ನುವುದು ದೂರದಿಂದ ಕೂಗುವವರ ಮಾತು.

ಹಬ್ಬಗಳನ್ನೂ ಉಪಯೋಗಿಸಿಕೋ. ದಸರೆಗೆ ನಮ್ಮಲ್ಲಿ ಬನ್ನಿ ಕೊಡುವ ಪದ್ಧತಿ. ಬನ್ನಿ ಎಲೆ ಕೈಯಾಗಿಟ್ಟು "ನಾವು ನೀವು ಬಂಗಾರದ್ಹಾಂಗ ಇರೋಣು" ಅಂತ ಹೇಳಿ ಹಿರಿಯರಿಗೆ ನಮಸ್ಕಾರ ಮಾಡುವುದು. ನಮ್ಮ ಮಕ್ಕಳು ಬನ್ನಿ ಹಿಡಿದುಕೊಂಡು ಹೊರಟರೆ ಮೊದಲ ಮನೆ ನೆಂಟರದ್ದಲ್ಲ. ಓಣಿ ಕಸ ಗುಡಿಸುವಾಕೆ, ಇಸ್ತ್ರಿ ಅಂಗಡಿಯವ, ಹೂ ಮಾರುವ ಅಜ್ಜಿ, ಇವರಿಗೆಲ್ಲ ಕೊಟ್ಟೇ ಮುಂದೆ. ನಿಮ್ಮ ಕಡೆ ಸಂಕ್ರಾಂತಿಗೆ ಎಳ್ಳು ಬೀರುತ್ತೀರಿ ಅಲ್ವಾ? ಆ ತಟ್ಟೆ ಹಿಡಿದುಕೊಂಡು ಮಗ ಮೊದಲು ಗೇಟಿನವರ ಹತ್ತಿರ ಹೋಗಲಿ.

ರಾಯಚೂರು ಜಿಲ್ಲೆ, ಸರ್ಕಾರಿ ಶಾಲೆ ಶಿಕ್ಷಕಿ

ನಾನು ಶಾಲೆಯಲ್ಲಿ ನೋಡಿದ್ದನ್ನು ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದದ್ದು ನಮ್ಮ ಈ ಕಡೆಯ ಜಿಲ್ಲೆಗಳಲ್ಲಿ. ಇಲ್ಲಿನ ಮಕ್ಕಳಿಗೆ ಬಿಸಿಯೂಟ ಅಂದರೆ ದಿನದ ಒಂದು ದೊಡ್ಡ ಭಾಗ. ಅದನ್ನು ಮಾಡಿ ಬಡಿಸುವವರು ನಮ್ಮ ಅಡುಗೆ ಅಕ್ಕಂದಿರು. ಬಹಳ ಮಕ್ಕಳು ಅವರನ್ನು ಮನುಷ್ಯರ ಥರ ನೋಡದೆ, ಸೌಟು ಹಿಡಿದ ಕೈ ಅನ್ನುವ ಥರ ನೋಡುತ್ತಾರೆ. "ಏ, ಇನ್ನೊಂದಿಷ್ಟು ಹಾಕು." "ಇದು ಉಪ್ಪಾಗಿದೆ, ನಂಗೆ ಬೇಡ." ಮನೆಯಲ್ಲಿ ತಾಯಿಗೆ ಹೇಗೆ ಹೇಳುತ್ತಾರೋ ಹಾಗೆ ಅಂದುಕೊಳ್ಳಬಹುದು. ಆದರೆ ಅದೇ ಬಾಯಿ ಹೆಡ್‌ಮಾಸ್ಟರ್ ಬಂದರೆ "ನಮಸ್ತೇ ಸಾರ್" ಅನ್ನುತ್ತದೆ.

ನಾವು ಹುಡುಗರನ್ನು ನಾಲ್ಕು ನಾಲ್ಕು ಜನರಂತೆ ಪಾಳಿಯ ಮೇಲೆ ಅಡುಗೆಮನೆಯ ಬಾಗಿಲ ತನಕ ಕರೆದುಕೊಂಡು ಹೋಗುತ್ತೇವೆ. ಒಳಗೆ ಬಿಡುವುದಿಲ್ಲ, ಒಲೆ ಉರಿಯುತ್ತಿರುತ್ತದೆ. ಬಾಗಿಲಲ್ಲಿ ನಿಂತು ನೋಡಬೇಕು. ಅಕ್ಕಿಯಲ್ಲಿ ಕಲ್ಲು ಆರಿಸುವುದು, ಬೇಳೆ ತೊಳೆಯುವುದು, ಕುದಿಯುವ ಸಾಂಬಾರಿನ ಪಾತ್ರೆಯನ್ನು ಇಬ್ಬರು ಎರಡೂ ಕಡೆ ಬಟ್ಟೆ ಹಿಡಿದು ಇಳಿಸುವುದು. ಆ ಪಾತ್ರೆ ಇಳಿಸುವಾಗ ಮಕ್ಕಳೇ ಉಸಿರು ಹಿಡಿದುಕೊಂಡು ನಿಂತಿರುತ್ತಾರೆ. ಒಬ್ಬ ಹುಡುಗ "ಅಕ್ಕಾ, ಕೈ ಸುಡಂಗಿಲ್ಲೇನ್ರಿ?" ಅಂತ ಕೇಳಿದ. ಆ ಅಕ್ಕ ಮುಂಗೈ ಮೇಲಿನ ಹಳೇ ಕಲೆ ತೋರಿಸಿದರು. ಆ ಹುಡುಗನಿಗೆ ನಾನು ಆಮೇಲೆ ಏನೂ ಹೇಳುವ ಅವಶ್ಯಕತೆಯೇ ಬೀಳಲಿಲ್ಲ. ಬೆಳಿಗ್ಗೆ ನಾವೆಲ್ಲ ಪ್ರಾರ್ಥನೆಗೆ ನಿಲ್ಲುವ ಮುಂಚೆಯೇ ಅವರು ಬಂದು ಹಾಲು ಕಾಯಿಸಿರುತ್ತಾರೆ ಅನ್ನುವುದು ಕೂಡ ಮಕ್ಕಳಿಗೆ ಆಗಲೇ ಗೊತ್ತಾದದ್ದು.

ಇನ್ನು ಹೇಳಲೇಬೇಕಾದ ವಿಷಯ ಜಾತಿ. ಅಡುಗೆ ಮಾಡುವವರು ಯಾರು ಅಂತ ವಿಚಾರಿಸಿ ಮಕ್ಕಳಿಗೆ ಊಟ ಬೇಡ ಅನ್ನಿಸಿದ ಊರುಗಳ ಸುದ್ದಿ ನೀವೂ ಪೇಪರಿನಲ್ಲಿ ಓದಿರುತ್ತೀರಿ. ಮಗು ಅದನ್ನು ಮನೆಯಿಂದ ಹೊತ್ತು ತರುತ್ತದೆ, ಶಾಲೆಯಲ್ಲಿ ಅದು ಇಳಿಯಬೇಕು. ಅದಕ್ಕೆ ನಮ್ಮ ಕೈಯಲ್ಲಿರುವುದು ಒಂದೇ ದಾರಿ. ಬಡಿಸುವ ಮುಂಚೆ ಶಿಕ್ಷಕರು ರುಚಿ ನೋಡಬೇಕು ಅನ್ನುವ ನಿಯಮ ಇದ್ದೇ ಇದೆ. ನಾವು ಅಷ್ಟಕ್ಕೇ ನಿಲ್ಲದೆ ಮಕ್ಕಳ ಸಾಲಿನಲ್ಲೇ ಕೆಳಗೆ ಕೂತು, ಅದೇ ತಟ್ಟೆಯಲ್ಲಿ ಊಟ ಮಾಡುತ್ತೇವೆ. ಎಲ್ಲರೂ ಒಂದೇ ಪಂಕ್ತಿ. ಕೊನೆಗೆ ಅಡುಗೆ ಅಕ್ಕಂದಿರು ಊಟಕ್ಕೆ ಕೂತಾಗ ದೊಡ್ಡ ಕ್ಲಾಸಿನ ಮಕ್ಕಳು ಅವರಿಗೆ ಬಡಿಸುತ್ತಾರೆ. ಇದಕ್ಕೆ ಮೊದಲು ಒಬ್ಬಿಬ್ಬರು ಪಾಲಕರು ತಕರಾರು ತೆಗೆದರು. ನಾವು ಜಗಳ ಆಡಲಿಲ್ಲ, "ನೀವೂ ಬನ್ನಿ, ಒಂದು ದಿನ ಇಲ್ಲೇ ಊಟ ಮಾಡಿ" ಅಂತ ಕರೆದೆವು. ಕೆಲವರು ಬಂದರು, ಕೆಲವರು ಬರಲಿಲ್ಲ. ಆದರೆ ಬಡಿಸುವುದು ನಿಲ್ಲಲಿಲ್ಲ.

ಬೆಂಗಳೂರಿನ ಮನೆಯಲ್ಲಿ ಇದನ್ನು ಹೇಗೆ ಮಾಡುವುದು? ನಿಮ್ಮ ಮನೆಗೆ ಬರುವವರು ಟೀ ಕುಡಿಯುವ ಹೊತ್ತಿಗೆ ಮಗನ ಕೈಯಲ್ಲೇ ಟೀ ಕೊಡಿಸಿ. ಅವರು ನೆಲದ ಮೇಲೆ ಕೂರದೆ ಕುರ್ಚಿಯ ಮೇಲೆ ಕೂತು ಕುಡಿಯಲಿ. ಅವರೇ ಸಂಕೋಚ ಪಟ್ಟರೆ ನೀವೂ ಪಕ್ಕದಲ್ಲಿ ಕೂತುಕೊಳ್ಳಿ.

ತುಮಕೂರು, ಒಬ್ಬ ತಂದೆ

ಇಷ್ಟೆಲ್ಲ ಯಾಕೆ? ನಮ್ಮ ಕಾಲದಲ್ಲಿ ಮೇಷ್ಟ್ರು ಬೆತ್ತ ಹಿಡಿದರೆ ಸಾಕು, ಮರ್ಯಾದೆ ತಾನೇ ಬರುತ್ತಿತ್ತು. ಈಗಿನ ಮಕ್ಕಳಿಗೆ ಭಯ ಇಲ್ಲ, ಅದೇ ತೊಂದರೆ.

ರಾಯಚೂರಿನ ಶಿಕ್ಷಕಿ, ಮತ್ತೆ

ಸರ್, ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನೂ, ಮನಸ್ಸಿಗೆ ಹಿಂಸೆ ಕೊಡುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಕಾಯ್ದೆ ಪಕ್ಕಕ್ಕಿಡಿ. ಬೆತ್ತದಿಂದ ಬಂದ ಮರ್ಯಾದೆ ಬೆತ್ತ ಇದ್ದವರಿಗೆ ಮಾತ್ರ ಸಲ್ಲುತ್ತದೆ. ಈ ತಾಯಿ ಕೇಳುತ್ತಿರುವುದು ಬೆತ್ತ ಇಲ್ಲದವರ ಬಗ್ಗೆ. ಮನೆಗೆಲಸದವರ ಕೈಯಲ್ಲಿ, ವಾಚ್‌ಮನ್ ಕೈಯಲ್ಲಿ ಏನಿದೆ, ಹುಡುಗ ಹೆದರುವುದಕ್ಕೆ? ಭಯದ ಮೇಲೆ ಕಲಿತ ಹುಡುಗ ಯಾರಿಗೆ ಹೆದರಬೇಕಿಲ್ಲ ಅನ್ನುವುದನ್ನೇ ಬೇಗ ಕಲಿಯುತ್ತಾನೆ.

ಹಾಸನ, ಕೆಎಸ್‌ಆರ್‌ಟಿಸಿ ಕಂಡಕ್ಟರ್

ಮೇಡಂ ಹೇಳಿದ್ದು ಸರಿ. ನಾನು ದಿನಾ ಬಸ್ಸಿನಲ್ಲಿ ನೋಡುವುದನ್ನು ಹೇಳುತ್ತೇನೆ.

ನಮ್ಮ ಬಸ್ಸಿನಲ್ಲಿ 6 ವರ್ಷ ತುಂಬುವ ತನಕ ಮಕ್ಕಳಿಗೆ ಟಿಕೆಟ್ ಇಲ್ಲ, ಅಲ್ಲಿಂದ 12ರ ತನಕ ಅರ್ಧ ಟಿಕೆಟ್. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್, ಗಂಡು ಹುಡುಗರಿಗೆ ಮಾತ್ರ ಈ ಲೆಕ್ಕ. ಎಂಟು ವರ್ಷದ ಹುಡುಗನನ್ನು ತೊಡೆ ಮೇಲೆ ಎಳೆದುಕೊಂಡು "ಐದು ವರ್ಷ ಅನ್ನು" ಅಂತ ಅಪ್ಪ ಪಿಸುಗುಟ್ಟುತ್ತಾನೆ. ಹುಡುಗ ನನ್ನ ಮುಖ ನೋಡಿ "ಐದು" ಅನ್ನುತ್ತಾನೆ. ಕೆಲವು ಮಕ್ಕಳಿಗೆ ಕಣ್ಣಲ್ಲಿ ನಾಚಿಕೆ ಕಾಣುತ್ತದೆ, ಮುಂದಿನ ಸಲ ಅದೂ ಇರುವುದಿಲ್ಲ. ಚೆಕಿಂಗ್‌ನವರು ಹತ್ತಿದರೆ ಮೆಮೊ ಬರುವುದು ನನಗೆ. ಇದು ಹುಡುಗನಿಗೆ ಗೊತ್ತಿರುವುದಿಲ್ಲ, ಅಪ್ಪನಿಗೆ ಗೊತ್ತಿರುತ್ತದೆ.

ಕಂಡಕ್ಟರಿಗೆ ಸುಳ್ಳು ಹೇಳಬಹುದು ಅಂತ ಮಗುವಿಗೆ ಕಲಿಸಿದವರು ಆಮೇಲೆ "ಅಂಕಲ್‌ಗೆ ಥ್ಯಾಂಕ್ಸ್ ಹೇಳು" ಅಂದರೆ ಏನು ಪ್ರಯೋಜನ? ಮರ್ಯಾದೆ ಅಂದರೆ ಸಿಹಿ ಮಾತು ಅಷ್ಟೇ ಅಲ್ಲ, ಎದುರಿಗಿರುವವರಿಗೆ ಮೋಸ ಮಾಡದೇ ಇರುವುದು ಕೂಡ. ಚಿಲ್ಲರೆ ಮೊದಲೇ ಕೈಯಲ್ಲಿ ಇಟ್ಟುಕೊಳ್ಳುವುದನ್ನು ಮಕ್ಕಳಿಗೆ ಕಲಿಸಿ, ಟಿಕೆಟ್ ಅವರ ಕೈಯಲ್ಲೇ ತೆಗೆಸಿ. ಮುದುಕರು, ಬಸುರಿಯರು, ಮಗು ಎತ್ತಿಕೊಂಡವರು ಹತ್ತಿದರೆ ಯಾರೂ ಹೇಳದೆ ಎದ್ದು ನಿಲ್ಲಲಿ. ನಮ್ಮ ರೂಟಿನಲ್ಲಿ ಒಂದು ಹಳ್ಳಿಯ ಹೈಸ್ಕೂಲ್ ಹುಡುಗರಿದ್ದಾರೆ, ಪಾಸ್ ತೋರಿಸುವಾಗ "ಅಣ್ಣಾ, ಪಾಸು" ಅಂತಾರೆ. ಆ ಒಂದು "ಅಣ್ಣಾ"ಗೆ ಬೆಳಿಗ್ಗೆಯಿಂದ ನಿಂತ ಕಾಲುನೋವು ಕಡಿಮೆಯಾದ ಹಾಗೆ ಅನ್ನಿಸುತ್ತದೆ. ನಿಜವಾಗಲೂ ಹೇಳುತ್ತೇನೆ.

ಬೆಂಗಳೂರು, ಪೌರಕಾರ್ಮಿಕರ ಮಗಳು

ನಮ್ಮಮ್ಮ ಬೀದಿ ಗುಡಿಸುವ ಕೆಲಸದಲ್ಲಿದ್ದಾರೆ. ನಾನು ನರ್ಸಿಂಗ್ ಓದುತ್ತಿದ್ದೇನೆ. ನೀವು ಇಷ್ಟು ಯೋಚನೆ ಮಾಡಿ ಕೇಳಿದ್ದು ನೋಡಿ ಸಮಾಧಾನ ಆಯಿತು, ಅಕ್ಕ.

ಮಗ "ಏಯ್" ಅಂದದ್ದು ಕಿವಿಗೆ ಬಿದ್ದಿತು, ಅದಕ್ಕೆ ನಿಮಗೆ ಗೊತ್ತಾಯಿತು. ಕಿವಿಗೆ ಬೀಳದ ಅವಮಾನ ಒಂದಿದೆ. ಅದು ಕಸದ ಡಬ್ಬಿಯಲ್ಲಿರುತ್ತದೆ. ಒಡೆದ ಗ್ಲಾಸನ್ನು ಹಾಗೇ ಅನ್ನದ ಜೊತೆ ಸುರಿದಿರುತ್ತಾರೆ. ಡೈಪರ್, ಪ್ಯಾಡ್ ಎಲ್ಲ ಸುತ್ತದೆ ಹಾಕಿರುತ್ತಾರೆ. ಬೇರೆ ಮಾಡದೆ ಕೊಟ್ಟ ಕಸವನ್ನು ಕೊನೆಗೆ ಒಬ್ಬರ ಕೈಯೇ ಬೇರೆ ಮಾಡಬೇಕು. ಅಮ್ಮನ ಬೆರಳಿಗೆ ಬಲ್ಬಿನ ಗಾಜು ಚುಚ್ಚಿ ಕೀವಾಗಿ, ಆ ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ.

ಅದಕ್ಕೆ ನಾನು ಹೇಳುವುದು, ಕಸದ ಕೆಲಸ ನಿಮ್ಮ ಮಗನಿಗೆ ಕೊಡಿ. ಹಸಿ ಕಸಕ್ಕೆ ಹಸಿರು ಡಬ್ಬಿ, ಸ್ಯಾನಿಟರಿಗೆ ಕೆಂಪು ಡಬ್ಬಿ, ಒಣ ಕಸಕ್ಕೆ ಚೀಲ. ಏಳು ವರ್ಷದವರಿಗೆ ಇದು ಆಟದ ಥರ ಬರುತ್ತದೆ. ಗಾಜು ಒಡೆದರೆ ಅವನು ಮುಟ್ಟುವುದು ಬೇಡ. ನೀವು ದಪ್ಪ ಪೇಪರಿನಲ್ಲಿ ಸುತ್ತಿ, ಟೇಪ್ ಹಾಕಿ, ಮೇಲೆ "ಗಾಜು" ಅಂತ ಅವನ ಕೈಯಲ್ಲಿ ದೊಡ್ಡದಾಗಿ ಬರೆಸಿ. ಓದುವುದಕ್ಕೆ ಬಾರದವರೂ ಇರುತ್ತಾರೆ, ಅದಕ್ಕೆ ಒಂದು ಕೆಂಪು ಗುರುತನ್ನೂ ಹಾಕಿಸಿ. ಪ್ಯಾಡು, ಡೈಪರು ಸುತ್ತಿಯೇ ಕೊಡಬೇಕು ಅಂತ ಘನತ್ಯಾಜ್ಯ ನಿಯಮಗಳಲ್ಲೇ ಇದೆ. "ಯಾಕಮ್ಮ ಸುತ್ತಬೇಕು?" ಅಂತ ಕೇಳಿಯೇ ಕೇಳುತ್ತಾನೆ. "ಇದನ್ನು ಒಬ್ಬರು ಕೈಯಲ್ಲಿ ಎತ್ತುತ್ತಾರೆ" ಅನ್ನಿ, ಸಾಕು.

ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ. ಅವತ್ತು ಸನ್ಮಾನ ಮಾಡುತ್ತಾರೆ, ಅಮ್ಮನಿಗೆ ಖುಷಿಯಾಗುತ್ತದೆ, ಹೊಸ ಸೀರೆ ಉಟ್ಟುಕೊಂಡು ಹೋಗುತ್ತಾರೆ. ಆದರೆ ಅಮ್ಮ ಮನೆಗೆ ಬಂದು ಜಾಸ್ತಿ ಹೇಳುವುದು ಒಂದು ಮನೆಯ ಬಗ್ಗೆ. ಆ ಮನೆಯ ಹುಡುಗಿ ಬೇಸಿಗೆಯಲ್ಲಿ ಬಾಟಲಿಯಲ್ಲಿ ತಣ್ಣೀರು ತುಂಬಿ ಗೇಟಿನ ಹತ್ತಿರ ಇಟ್ಟಿರುತ್ತಾಳೆ, "ಆಂಟಿ, ಕುಡಿದು ಹೋಗಿ" ಅಂತ ಕರೆಯುತ್ತಾಳೆ. ಕುಡಿದ ಬಾಟಲಿಯನ್ನು ಒಳಗೆ ತೆಗೆದುಕೊಂಡು ಹೋಗಿ ಅದರಲ್ಲೇ ಮತ್ತೆ ನೀರು ತುಂಬುತ್ತಾಳೆ. ಅಮ್ಮ ಈ ಮಾತನ್ನು ಎಷ್ಟು ಸಲ ಹೇಳಿದರೂ ಕೊನೆಗೆ ಆ ಬಾಟಲಿಯ ವಿಷಯಕ್ಕೇ ಬಂದು ನಿಲ್ಲುತ್ತಾರೆ.

ಉಡುಪಿ, ಕಣ್ಣು ಕಾಣದ ಸಂಗೀತ ಶಿಕ್ಷಕ

ನಾನು ಹೇಳುವ ವಿಷಯ ಸ್ವಲ್ಪ ಬೇರೆ, ಆದರೂ ಇಲ್ಲೇ ಸೇರುತ್ತದೆ. ನಾನು ಬಿಳಿ ಕೋಲು ಹಿಡಿದು ಓಡಾಡುವವನು. ಮಕ್ಕಳು ನನ್ನನ್ನು ನೋಡಿ "ಅಮ್ಮ, ಆ ಮಾಮನಿಗೆ ಕಣ್ಣು ಕಾಣಲ್ವಾ?" ಅಂತ ಜೋರಾಗಿ ಕೇಳುತ್ತಾರೆ. ತಾಯಂದಿರು "ಶ್, ಸುಮ್ನಿರು" ಅಂತ ಎಳೆದುಕೊಂಡು ಹೋಗುತ್ತಾರೆ. ಮಗು ಕೇಳಿದ್ದರಲ್ಲಿ ಅವಮಾನ ಏನೂ ಇಲ್ಲ, ನಿಜವನ್ನೇ ಕೇಳಿದೆ. "ಹೌದು, ಕಾಣಲ್ಲ. ಅದಕ್ಕೆ ಆ ಕೋಲು ಬಳಸ್ತಾರೆ. ಬೇಕಾದ್ರೆ ಅವರನ್ನೇ ಕೇಳು" ಅಂದರೆ ಸಾಕು. ನಾನು ಕೋಲು ಅವರ ಕೈಗೆ ಕೊಟ್ಟು ತೋರಿಸುತ್ತೇನೆ, ಅವರಿಗೆ ಬಹಳ ಕುತೂಹಲ. ಕುರುಡ, ಕುಂಟ, ಮೂಗ ಅಂತ ಬೈಗುಳದ ಥರ ಬಳಸುವುದನ್ನು ಮಾತ್ರ ಮನೆಯಲ್ಲಿ ಯಾರೂ ಮಾಡಬೇಡಿ. ಮ್ಯಾಚ್ ನೋಡುತ್ತಾ ಅಂಪೈರನಿಗೆ ಬೈಯುವಾಗ ಕೂಡ.

ಸಹಾಯ ಮಾಡುವ ರೀತಿಯನ್ನೂ ಮಕ್ಕಳಿಗೆ ಹೇಳಿಕೊಡಬಹುದು. ಕೇಳದೆ ಕೈ ಹಿಡಿದು ಎಳೆಯಬಾರದು, ಹಿಂದಿನಿಂದ ತಳ್ಳಬಾರದು. ಮೊದಲು ಮಾತಾಡಿಸಬೇಕು, "ಸಹಾಯ ಬೇಕಾ?" ಅಂತ ಕೇಳಬೇಕು. ಬೇಡ ಅಂದರೆ ಬೇಡ, ಬೇಜಾರು ಪಟ್ಟುಕೊಳ್ಳಬಾರದು. ಬೇಕು ಅಂದರೆ ನಮ್ಮ ಕೈಯನ್ನು ಅವರು ಹಿಡಿಯುವ ಬದಲು ಅವರ ಮೊಣಕೈಯ ಮೇಲೆ ನಾವು ಹಿಡಿದುಕೊಳ್ಳುತ್ತೇವೆ. ಅವರು ಅರ್ಧ ಹೆಜ್ಜೆ ಮುಂದೆ ನಡೆಯಬೇಕು, "ಮೆಟ್ಟಿಲು ಇಳೀಬೇಕು" ಅಂತ ಮೊದಲೇ ಹೇಳಬೇಕು. ಚಿಕ್ಕ ಮಕ್ಕಳಾದರೆ ನಾವು ಹೆಗಲ ಮೇಲೆ ಕೈ ಇಡುತ್ತೇವೆ. ಗಾಲಿ ಕುರ್ಚಿಯವರ ವಿಷಯದಲ್ಲೂ ಅಷ್ಟೇ, ಅವರನ್ನು ಕೇಳದೆ ಕುರ್ಚಿ ಮುಟ್ಟಬಾರದು. ನನ್ನ ಜೊತೆ ಇರುವವರ ಹತ್ತಿರ "ಇವರಿಗೆ ಕಾಫಿ ಬೇಕಾ?" ಅಂತ ಕೇಳುವ ದೊಡ್ಡವರನ್ನು ದಿನಾ ನೋಡುತ್ತೇನೆ. ಮಕ್ಕಳು ಹಾಗೆ ಮಾಡುವುದಿಲ್ಲ, ನನ್ನನ್ನೇ ಕೇಳುತ್ತಾರೆ. ಅವರಲ್ಲಿ ಆಗಲೇ ಇರುವ ಈ ಗುಣ ಕಳೆದುಹೋಗದಂತೆ ನೋಡಿಕೊಂಡರೆ ಅರ್ಧ ಕೆಲಸ ಆದ ಹಾಗೆ.

ಜರ್ಮನಿಯ ಸ್ಟುಟ್‌ಗಾರ್ಟ್, ಕನ್ನಡದ ತಾಯಿ

ಇಲ್ಲಿಯ ಭಾಷೆಯಲ್ಲೂ ನಮ್ಮ ಹಾಗೆ ಏಕವಚನ, ಬಹುವಚನ ಎರಡೂ ಇವೆ. ಶಿಶುವಿಹಾರದಲ್ಲಿ ಮಕ್ಕಳು ಟೀಚರನ್ನು ಹೆಸರು ಹಿಡಿದು, ಏಕವಚನದಲ್ಲೇ ಕರೆಯುತ್ತವೆ. ಪ್ರೈಮರಿಗೆ ಬಂದ ಮೇಲೆ ನಿಧಾನಕ್ಕೆ ಬಹುವಚನ ಕಲಿಸುತ್ತಾರೆ, ಮಗು ಮರೆತು ಏಕವಚನ ಅಂದರೆ ಗದರುವುದಿಲ್ಲ. ಮಗಳಿಗೆ ನಾನು ಹೇಳಿಕೊಟ್ಟದ್ದು ಇಷ್ಟೇ, "ಇಲ್ಲಿ ಬಸ್ ಡ್ರೈವರಿಗೆ ಹೇಗೆ ಮಾತಾಡುತ್ತೀಯೋ, ಊರಿಗೆ ಹೋದಾಗ ಆಟೋದವರಿಗೂ ಹಾಗೇ." ಊರಲ್ಲಿ ನೆಂಟರು ಕೆಲವರು "ಅವರಿಗೆಲ್ಲ ಹಾಗೆ ಹೇಳಬೇಕಿಲ್ಲ ಪುಟ್ಟಾ" ಅಂತ ತಿದ್ದಿದರು. ನಾನು ಅಲ್ಲೇ, ನಗುತ್ತಲೇ, "ಹೇಳ್ಲಿ ಬಿಡಿ, ಅಭ್ಯಾಸ" ಅಂದೆ.

ಮಂಗಳೂರು, ಮಕ್ಕಳ ಆಪ್ತ ಸಮಾಲೋಚಕಿ

ಎಲ್ಲರೂ ಒಳ್ಳೆಯ ಮಾತು ಹೇಳಿದ್ದಾರೆ. ನಾನು ಒಂದು ಎಚ್ಚರಿಕೆ ಸೇರಿಸುತ್ತೇನೆ. ಮರ್ಯಾದೆ ಕಲಿಸುವ ಭರದಲ್ಲಿ "ದೊಡ್ಡವರು ಹೇಳಿದ್ದಕ್ಕೆಲ್ಲ ಹೂಂ ಅನ್ನಬೇಕು" ಅಂತ ಕಲಿಸಬೇಡಿ. "ಮಾಮನಿಗೆ ಮುತ್ತು ಕೊಡು, ತೊಡೆ ಮೇಲೆ ಕೂತ್ಕೋ" ಅಂತ ಮಗುವನ್ನು ಒತ್ತಾಯ ಮಾಡುವುದು ನಮ್ಮಲ್ಲಿ ಬಹಳ. ಮಗು ಹಿಂದೆ ಸರಿದರೆ "ಮರ್ಯಾದೆ ಇಲ್ಲ" ಅನ್ನುತ್ತೇವೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವುದಕ್ಕೆ 2012ರಲ್ಲಿ ಪೋಕ್ಸೊ ಕಾಯ್ದೆ ಬಂತು. ನನ್ನ ಹತ್ತಿರ ಬರುವ ಮಕ್ಕಳಲ್ಲಿ ಎಷ್ಟೋ ಮಂದಿಗೆ ತೊಂದರೆ ಕೊಟ್ಟವರು ಮನೆಗೆ ಗೊತ್ತಿರುವ ದೊಡ್ಡವರೇ. "ಬೇಡ" ಅಂದರೆ ಮರ್ಯಾದೆ ತಪ್ಪಿದ ಹಾಗೆ ಅಂದುಕೊಂಡು ಆ ಮಕ್ಕಳು ಬಾಯಿ ಮುಚ್ಚಿಕೊಂಡಿದ್ದವು.

ಕೈ ಮುಗಿಯುವುದು ಒಳ್ಳೆಯ ದಾರಿ. ಮೈ ಮುಟ್ಟಬೇಕಿಲ್ಲ, ಮರ್ಯಾದೆಯೂ ಆಯಿತು. "ನಮಸ್ಕಾರ ಮಾಡು, ಅಪ್ಪಿಕೊಳ್ಳುವುದು ನಿನಗೆ ಇಷ್ಟ ಇದ್ದರೆ ಮಾತ್ರ" ಅಂತ ಹೇಳಿ. ಮತ್ತೆ, ಮಗುವನ್ನು ನಾಲ್ಕು ಜನರ ಎದುರು ಅವಮಾನ ಮಾಡಿ ಮರ್ಯಾದೆ ಕಲಿಸುವುದಕ್ಕೆ ಆಗುವುದಿಲ್ಲ. ಅವನು ತಪ್ಪು ಮಾತಾಡಿದಾಗ ಪಕ್ಕದ ರೂಮಿಗೆ ಕರೆದುಕೊಂಡು ಹೋಗಿ, ಬಗ್ಗಿ, ಮೆಲ್ಲಗೆ ಹೇಳಿ.

ಬೆಂಗಳೂರಿನ ತಾಯಿ, ಮತ್ತೆ

ಎಲ್ಲರಿಗೂ ತುಂಬ ಧನ್ಯವಾದ. ಕಸದ ಕೆಲಸ ಮತ್ತು ಟೀ ಕೊಡಿಸುವುದು ಈ ವಾರವೇ ಶುರು ಮಾಡುತ್ತೇನೆ. ಒಂದು ಕಷ್ಟ ಇದೆ. ನಮ್ಮ ಮಾವನವರಿಗೆ 74 ವರ್ಷ. ಅವರು ಎಲ್ಲ ಕೆಲಸದವರನ್ನೂ "ಬಾರೇ, ಹೋಗೋ" ಅಂತಲೇ ಕರೆಯುವುದು. ಮನಸ್ಸು ಒಳ್ಳೆಯದು, ಕೆಲಸದವರ ಮನೆ ಮದುವೆಗೆ ದುಡ್ಡು ಕೊಟ್ಟಿದ್ದಾರೆ, ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ. ಆದರೆ ಮಾತು ಹಾಗೆ. ಮಗ "ತಾತ ಹೇಳಬಹುದು, ನಾನು ಯಾಕೆ ಹೇಳಬಾರದು?" ಅಂದರೆ ಏನು ಹೇಳಲಿ? ಮಾವನವರಿಗೆ ಹೇಳುವ ಧೈರ್ಯ ನನಗಿಲ್ಲ.

ಶಿವಮೊಗ್ಗ, ಕೂಡುಕುಟುಂಬದ ಸೊಸೆ

ಇದನ್ನು ನಾನು ಮನೆಯಲ್ಲೇ ಅನುಭವಿಸಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ. ಮಗನ ಎದುರು ಮಾವನವರನ್ನು ತಿದ್ದಲು ಹೋಗಬೇಡಿ. ಅದು ತಾತನ ಮರ್ಯಾದೆ ತೆಗೆದು ಮೊಮ್ಮಗನಿಗೆ ಮರ್ಯಾದೆ ಕಲಿಸಿದ ಹಾಗಾಗುತ್ತದೆ. ಹಾಗಂತ "ದೊಡ್ಡವರು ಹೇಳಬಹುದು" ಅಂತಲೂ ಅನ್ನಬೇಡಿ. ಆಗ ತಾನು ದೊಡ್ಡವನಾಗುವುದನ್ನೇ ಕಾಯುತ್ತಾನೆ. ನಾನು ಮಗಳಿಗೆ ಹೇಳಿದ್ದು ಹೀಗೆ: "ತಾತ ಚಿಕ್ಕವರಿದ್ದಾಗ ಎಲ್ಲರೂ ಹಾಗೇ ಮಾತಾಡ್ತಿದ್ರು. ಆಗ ಅವರಿಗೆ ಯಾರೂ ಬೇರೆ ಥರ ಹೇಳಿಕೊಡ್ಲಿಲ್ಲ. ನಿನಗೆ ನಾನು ಹೇಳಿಕೊಡ್ತಿದ್ದೀನಿ." ಅವಳು ಒಪ್ಪಿದಳು. ತಾತ ಕಷ್ಟಕ್ಕಾಗುವುದನ್ನು ಅವಳೂ ನೋಡಿದ್ದಾಳೆ, ಅದನ್ನು ಕಲಿಯಲಿ. ಮಾತನ್ನು ನಮ್ಮಿಂದ ಕಲಿಯಲಿ.

ಮಾವನವರಿಗೆ ನಿಮ್ಮ ಯಜಮಾನರು ಹೇಳಲಿ, ನೀವಲ್ಲ. ಅವರೊಬ್ಬರೇ ಇರುವಾಗ, ತಪ್ಪು ಹುಡುಕುವ ಥರ ಅಲ್ಲದೆ, ಸಹಾಯ ಕೇಳುವ ಥರ: "ಅಪ್ಪಾ, ಇವನು ನಿಮ್ಮನ್ನೇ ನೋಡಿ ಕಲಿಯೋದು. ನೀವು ಇವನ ಎದುರಿಗಾದರೂ 'ಬಾಮ್ಮ' ಅಂದ್ರೆ ಇವನೂ ಅಂತಾನೆ." ನಮ್ಮ ಮಾವನವರು ಮೊದಲು "ಈ ವಯಸ್ಸಲ್ಲಿ ನನಗೆ ಪಾಠಾನಾ?" ಅಂದರು. ಎರಡು ದಿನ ಮಾತಿಲ್ಲ. ಆಮೇಲೆ ಮೊಮ್ಮಗಳು ಪಕ್ಕದಲ್ಲಿದ್ದರೆ "ಬಾಮ್ಮ" ಶುರುವಾಯಿತು. ಅವಳಿಲ್ಲದಿದ್ದರೆ ಈಗಲೂ ಹಳೇ ಮಾತೇ ಬರುತ್ತದೆ, ಅದನ್ನು ನಾನು ಒತ್ತಾಯ ಮಾಡಿಲ್ಲ.

ಇನ್ನೊಂದು, ಇದನ್ನು ಯಾರೂ ಹೇಳಲಿಲ್ಲ. ಮೊನ್ನೆ ಮಗ "ಏಯ್" ಅಂದನಲ್ಲ, ಆಕೆಯ ಹತ್ತಿರ ಅವನು ಕ್ಷಮೆ ಕೇಳಿದನಾ? ಕೇಳಿಸದಿದ್ದರೆ ಈಗಲೂ ಕೇಳಿಸಿ. ಎಲ್ಲರ ಎದುರು ನಿಲ್ಲಿಸಿ "ಸಾರಿ ಹೇಳು" ಅಂತ ಬೇಡ, ಆಗ ಆಕೆಗೇ ಮುಜುಗರ. "ಪರವಾಗಿಲ್ಲ ಬಿಡಿ ಅಮ್ಮಾ, ಮಗು" ಅಂತ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಮೊದಲು ನೀವು ಅವರ ಹತ್ತಿರ ಮಾತಾಡಿ, "ಅವನು ಹಾಗೆ ಅಂದದ್ದು ನನಗೆ ಸರಿ ಅನ್ನಿಸಲಿಲ್ಲ" ಅನ್ನಿ. ಆಮೇಲೆ ಅವರು ಕೆಲಸ ಮುಗಿಸಿ ಹೊರಡುವ ಹೊತ್ತಿಗೆ ಮಗ ಬಾಗಿಲ ತನಕ ಬಂದು ಹೇಳಲಿ. ಏನು ಹೇಳಬೇಕು ಅಂತ ನೀವು ಬಾಯಿಪಾಠ ಮಾಡಿಸಬೇಡಿ, ಅವನಿಗೆ ಬಂದ ಹಾಗೆ ಹೇಳಲಿ. ಮತ್ತೆ ಬಾಯಿ ತಪ್ಪಿದರೆ "ಇನ್ನೊಂದ್ಸಲ ಹೇಳು, ಪುಟ್ಟಾ" ಅನ್ನಿ, ಅಷ್ಟೇ. ಅವರಿಗೂ ಮೊದಲೇ ಒಂದು ಮಾತು ಹೇಳಿಡಿ: ಅವನು ಸರಿಯಾಗಿ ಕೇಳುವ ತನಕ ಏನೂ ತಂದುಕೊಡಬೇಕಾಗಿಲ್ಲ, ಅದಕ್ಕೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ ಅಂತ. ಎಷ್ಟೋ ಮನೆಗಳಲ್ಲಿ ಮಗುವಿಗೆ "ಹಾಗನ್ನಬಾರದು ಕಂದಾ" ಅಂತ ತಾವೇ ಹೇಳುವ ಮನಸ್ಸು ಅವರಿಗಿರುತ್ತದೆ, ಯಜಮಾನಿ ಏನಂದುಕೊಳ್ಳುತ್ತಾರೋ ಅಂತ ಸುಮ್ಮನಿರುತ್ತಾರೆ.